ಗೋಕಾಕದ ಗೋಡೆಯ ಮೇಲೆ ಸೋಫಿ

ಕೆಳಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಗುತ್ತಿದೆ. ಹಿಂದೆ ಎರಡು ಟ್ರೇಲರ್, ಎರಡರಲ್ಲೂ ಮೇಲೆ ಮೇಲೆ ಹೇರಿದ ಕಬ್ಬು. ಕಿಟಕಿಯ ಗಾಜು ಗಡಗಡ ನಡುಗುತ್ತದೆ. ನೀವು ಎದ್ದು ಕಿಟಕಿ ಹಾಕುತ್ತೀರಿ. ಆದರೂ ಸಂದಿಯಿಂದ ರವದಿ ಸುಟ್ಟ ಹೊಗೆಯ ವಾಸನೆ ಒಳಗೆ ಬಂದೇ ಬರುತ್ತದೆ. ಗೋಕಾಕ, ಫೆಬ್ರವರಿಯ ಸಂಜೆ. ಮಾಳಿಗೆ ಮೇಲಿನ ಈ ಕೋಣೆಯಲ್ಲಿ ಹಗಲು ಟ್ಯೂಷನ್ ನಡೆಯುತ್ತದೆ. ಈಗ ಕರಿಹಲಗೆಯ ಮೇಲೆ ಬಿಳಿ ಚಾದರ ಕಟ್ಟಿದೆ, ಎದುರಿಗೆ ನಾಲ್ಕು ದಪ್ಪ ಪುಸ್ತಕ ಪೇರಿಸಿ ಪ್ರೊಜೆಕ್ಟರ್ ಇಟ್ಟಿದೆ. ಜಮಖಾನೆಯ ಮೇಲೆ ಹನ್ನೆರಡು ಜನ.

ಸಿನಿಮಾ ಜರ್ಮನ್ ಭಾಷೆಯದು. 2005ರಲ್ಲಿ ಮಾರ್ಕ್ ರೋಥೆಮುಂಡ್ ನಿರ್ದೇಶಿಸಿದ್ದು. ಸೋಫಿ ಶೋಲ್ ಎಂಬ ವಿದ್ಯಾರ್ಥಿನಿಯ ಕೊನೆಯ ದಿನಗಳ ಕಥೆ. ಅಡಿಯಲ್ಲಿ ಇಂಗ್ಲಿಷ್ ಸಾಲುಗಳು ಓಡುತ್ತವೆ, ಅವು ಓಡುವ ವೇಗಕ್ಕೆ ಇಲ್ಲಿ ಅರ್ಧ ಜನರ ಕಣ್ಣು ನಿಲ್ಲುವುದಿಲ್ಲ. ಅದಕ್ಕೇ ಮೂಡಲಗಿಯಿಂದ ಬಂದ ಬಿ.ಎ. ಹುಡುಗಿಯೊಬ್ಬಳು ಚಾದರದ ಪಕ್ಕ ಗೋಡೆಗೆ ಒರಗಿ ಕೂತಿದ್ದಾಳೆ. ಸಾಲು ಓದಿ ಕನ್ನಡದಲ್ಲಿ ಹೇಳುವ ಪಾಳಿ ಅವಳದು.

"ಸಾವಕಾಶ ಹೇಳವಾ ತಂಗಿ, ನನಗ ಕಿವಿ ಮಂದ," ಅನ್ನುತ್ತಾರೆ ಹುಕ್ಕೇರಿಯಿಂದ ಬಂದ ನಿವೃತ್ತ ಮಾಸ್ತರರು.

"ಹೂನ್ರಿ ಸರ್. ತಪ್ಪಿದ್ರ ನಗಬ್ಯಾಡ್ರಿ ಮತ್ತ."

ದೀಪ ಆರುತ್ತದೆ.

ಇನ್ನು ನೀವು ಗೋಕಾಕದಲ್ಲಿಲ್ಲ. 1943, ಫೆಬ್ರವರಿ 18, ಗುರುವಾರ. ಮ್ಯೂನಿಕ್. ಬೆಳಗಿನ ಚಳಿ ಕಿವಿಯ ತುದಿ ಕಚ್ಚುತ್ತಿದೆ, ಬಿಸಿಲಿದೆ, ಬಿಸಿಲಿಗೆ ಕಾವಿಲ್ಲ. ನಿಮಗೆ 21 ವರ್ಷ. ಪಕ್ಕದಲ್ಲಿ ನಡೆಯುತ್ತಿರುವವನು ಅಣ್ಣ ಹಾನ್ಸ್, 24, ವೈದ್ಯಕೀಯ ಓದುತ್ತಿದ್ದಾನೆ. ಅವನ ಕೈಯಲ್ಲಿ ಸೂಟ್‌ಕೇಸು. ಅದರೊಳಗೆ ಬಟ್ಟೆಯಿಲ್ಲ, ಪುಸ್ತಕವಿಲ್ಲ, ಕರಪತ್ರಗಳಿವೆ. ನಿನ್ನೆ ಮೊನ್ನೆಯ ರಾತ್ರಿಗಳಲ್ಲಿ ನೆಲಮಾಳಿಗೆಯಲ್ಲಿ ಯಂತ್ರದ ಹಿಡಿಕೆ ತಿರುಗಿಸಿ ತಿರುಗಿಸಿ ಒಂದೊಂದಾಗಿ ತೆಗೆದ ಪ್ರತಿಗಳು. ಉಗುರಿನ ಸಂದಿಯಲ್ಲಿ ಶಾಯಿ ಇನ್ನೂ ಹೋಗಿಲ್ಲ ಅನ್ನಿಸಿ ನೀವು ಕೈಯನ್ನು ಕೋಟಿನ ಜೇಬಿಗೆ ಸೇರಿಸುತ್ತೀರಿ.

ಇದು ಹಿಟ್ಲರನ ವಿರುದ್ಧದ ಆರನೆಯ ಕರಪತ್ರ. ತಮ್ಮನ್ನು 'ಬಿಳಿ ಗುಲಾಬಿ' ಅಂತ ಕರೆದುಕೊಂಡು ಹಿಂದಿನ ಬೇಸಿಗೆಯಲ್ಲಿ ಶುರು ಮಾಡಿದವರು ಕೈಬೆರಳಲ್ಲಿ ಎಣಿಸುವಷ್ಟು ವಿದ್ಯಾರ್ಥಿಗಳು. ಆಮೇಲೆ ಒಬ್ಬ ಪ್ರೊಫೆಸರ್, ಕುರ್ಟ್ ಹೂಬರ್, ಸೇರಿದರು. ಈ ಆರನೆಯದನ್ನು ಬರೆದವರು ಅವರೇ. ಹುಡುಗರಲ್ಲಿ ಮೂವರು ರಷ್ಯಾದ ರಣರಂಗದಲ್ಲಿ ವೈದ್ಯಕೀಯ ಸಹಾಯಕರಾಗಿದ್ದು ಬಂದವರು, ಕಣ್ಣಾರೆ ಕಂಡದ್ದನ್ನು ಮರೆಯಲಾಗದವರು. ಸ್ಟಾಲಿನ್‌ಗ್ರಾಡ್‌ನಲ್ಲಿ ಹಿಟ್ಲರನ ಸೈನ್ಯ ಶರಣಾಗಿ ಎರಡು ವಾರವಾಗಿದೆ. ಈಗ ಹೇಳಿದರೆ ಜನ ಕೇಳಬಹುದು ಎಂಬ ಆಸೆ. ಆದರೆ ಲಕೋಟೆ ಸಾಲಲಿಲ್ಲ, ಕಾಗದಕ್ಕೆ ಬರ, ಒಂದೇ ಅಂಚೆ ಕಚೇರಿಯಲ್ಲಿ ಹೆಚ್ಚು ಸ್ಟಾಂಪು ಕೇಳಿದರೆ ಗುಮಾಸ್ತ ತಲೆಯೆತ್ತಿ ಮುಖ ನೋಡುತ್ತಾನೆ. ಹಾಗಾಗಿ ಉಳಿದದ್ದನ್ನು ಯೂನಿವರ್ಸಿಟಿಯೊಳಗೇ ಇಟ್ಟುಬರೋಣ ಅಂದ ಹಾನ್ಸ್. ನಿಮಗೆ ಬೇಡ ಅನ್ನಲು ಅವಕಾಶವಿತ್ತು. ನಾನೂ ಬರುತ್ತೇನೆ ಅಂದಿರಿ.

ಒಳಗೆ ನಿಶ್ಶಬ್ದ. ಮೂರು ಅಂತಸ್ತು, ನಡುವೆ ಬಾವಿಯ ಹಾಗೆ ತೆರೆದ ಅಂಗಳ, ನೆತ್ತಿಯ ಮೇಲೆ ಗಾಜಿನ ಸೂರು. ಮುಚ್ಚಿದ ಬಾಗಿಲುಗಳ ಹಿಂದೆ ಪಾಠದ ಗೊಣಗು. ನಿಮ್ಮ ಬೂಟಿನ ಸದ್ದು ಕಲ್ಲಿಗೆ ತಾಗಿ ಮೇಲೆ ಹೋಗಿ ಮತ್ತೆ ನಿಮ್ಮ ಮೇಲೇ ಬೀಳುತ್ತದೆ. ಒಂದು ಬಾಗಿಲ ಮುಂದೆ ಒಂದು ಕಂತೆ. ಕಿಟಕಿಯ ಕಟ್ಟೆಗೆ ಒಂದು. ಮೆಟ್ಟಿಲ ತುದಿಗೆ ಒಂದು. ಬಾಗುವುದು, ಇಡುವುದು, ಏಳುವುದು. ಬಾಯಿ ಒಣಗಿದೆ. ಗಡಿಯಾರ ಹನ್ನೊಂದರ ಹತ್ತಿರ, ಗಂಟೆ ಬಾರಿಸಿದರೆ ಎಲ್ಲ ಬಾಗಿಲೂ ಒಟ್ಟಿಗೆ ತೆರೆಯುತ್ತವೆ.

ಆಯಿತು. ಹಿಂಬಾಗಿಲಿಗೆ ಬಂದಿರಿ. ಹೊರಗಿನ ಗಾಳಿ ಮುಖಕ್ಕೆ ತಾಗಿತು.

ಇಲ್ಲಿಂದ ಹೋಗಿಬಿಡಬಹುದು. ಕೋಣೆಯಲ್ಲಿ ಕೂತಿರುವ ಹನ್ನೆರಡು ಜನರೂ ಒಳಗೊಳಗೇ ಅದನ್ನೇ ಹೇಳುತ್ತಿದ್ದಾರೆ, ಹೋಗ್ರಿ, ನಡೀರಿ. ಆದರೆ ಸೂಟ್‌ಕೇಸಿನಲ್ಲಿ ಇನ್ನೂ ಒಂದಿಷ್ಟು ಉಳಿದಿದೆ. ರಾತ್ರಿಯೆಲ್ಲ ನಿದ್ದೆಗೆಟ್ಟು ತೆಗೆದ ಕಾಗದವನ್ನು ಹಾಗೇ ವಾಪಸು ಒಯ್ಯುವುದೇ? ಅಣ್ಣ-ತಂಗಿ ತಿರುಗುತ್ತಾರೆ. ಮತ್ತೆ ಮೆಟ್ಟಿಲು. ಈ ಸಲ ಓಟ. ಎಲ್ಲಕ್ಕಿಂತ ಮೇಲಿನ ಅಂತಸ್ತು. ನೀವು ಕಟಾಂಜನದ ಮೇಲೆ ಕಂತೆ ಇಡುತ್ತೀರಿ, ಕೆಳಗೆ ನೋಡುತ್ತೀರಿ. ಗೋಕಾಕ ಫಾಲ್ಸಿನ ತೂಗು ಸೇತುವೆಯ ನಡುವೆ ನಿಂತು ಹಲಗೆಯ ಸಂದಿಯಿಂದ ಕೆಳಗೆ ನೋಡಿದವರಿಗೆ ಈ ಕ್ಷಣ ಗೊತ್ತು. ಹೊಟ್ಟೆ ಖಾಲಿಯಾಗುತ್ತದೆ, ಅಂಗಾಲು ಜುಮ್ಮೆನ್ನುತ್ತದೆ, ಕೈ ಮಾತ್ರ ತನ್ನದೇ ಬುದ್ಧಿಯಿಂದ ಏನೋ ಮಾಡುತ್ತದೆ.

ನೂಕಿದಿರಿ.

ಅಂಗೈಯಿಂದ ಒಂದೇ ಒಂದು ತಳ್ಳು. ಕಂತೆ ಅಂಚು ದಾಟುತ್ತದೆ, ಒಡೆಯುತ್ತದೆ, ಹರಡುತ್ತದೆ. ಬಿಳಿ ಹಾಳೆಗಳು ಬೆಳಕಿನಲ್ಲಿ ತಿರುಗುತ್ತಾ, ಹೊರಳುತ್ತಾ, ಅವಸರವೇ ಇಲ್ಲದ ಹಾಗೆ ಇಳಿಯುತ್ತವೆ. ಗಂಟೆ. ಬಾಗಿಲುಗಳು. ನೂರಾರು ಕಾಲುಗಳು. ಗುಂಪಿನಲ್ಲಿ ಸೇರಿಬಿಟ್ಟರೆ ಸಾಕು, ಮೆಟ್ಟಿಲಿಳಿದರೆ ಸಾಕು, ಇನ್ನು ಹತ್ತು ಹೆಜ್ಜೆ, ಐದು ಹೆಜ್ಜೆ.

"ನಿಂದರ್ರಿ ಅಲ್ಲೇ!" ಮೂಡಲಗಿಯ ಹುಡುಗಿ ಕೂಗಿಯೇ ಬಿಡುತ್ತಾಳೆ. ತನ್ನ ದನಿಗೆ ತಾನೇ ಬೆಚ್ಚಿ ಸೆರಗು ಸರಿಮಾಡಿಕೊಳ್ಳುತ್ತಾಳೆ.

ಹಿಡಿದವನು ಪೊಲೀಸನಲ್ಲ. ಯಾಕೋಬ್ ಶ್ಮಿಡ್, ಯೂನಿವರ್ಸಿಟಿಯ ಕಟ್ಟಡ ನೋಡಿಕೊಳ್ಳುವ ಸಿಬ್ಬಂದಿ. ನಮ್ಮ ಹುಡುಗಿಯ ಕನ್ನಡದಲ್ಲಿ 'ಸಿಪಾಯಿ'. ಕಾಗದ ಚೆಲ್ಲುವುದು ನಿಯಮಕ್ಕೆ ವಿರುದ್ಧ, ಅಷ್ಟೇ ಅವನ ತಕರಾರು. ಇಷ್ಟು ದಿನ ಸಿನಿಮಾಗಳಲ್ಲಿ ಕಂಡ ನಾಜಿಗಳೆಲ್ಲ ಬೂಟು, ಚಾವಟಿ, ತಣ್ಣನೆಯ ಕಣ್ಣಿನವರು. ಇವನು ಹಾಗಿಲ್ಲ. ನಿಮ್ಮ ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದವರ ಹಾಗಿದ್ದಾನೆ. ನನ್ನನ್ನು ಕೇಳಿದರೆ, ಮುಂದೆ ಬರುವ ಕೆಂಪು ನಿಲುವಂಗಿಯ ನ್ಯಾಯಾಧೀಶನಿಗಿಂತ ಇವನೇ ಹೆಚ್ಚು ಹೆದರಿಸುತ್ತಾನೆ. ಅವನಿಗೆ 3000 ಮಾರ್ಕ್ ಬಹುಮಾನ ಸಿಕ್ಕಿತು, ಬಡ್ತಿಯೂ ಸಿಕ್ಕಿತು.

ಮುಂದೆ ಮೇಜು. ಈ ಸಿನಿಮಾದ ಮುಕ್ಕಾಲು ಪ್ರಾಣ ಇರುವುದು ಒಂದು ಮೇಜು, ಎರಡು ಕುರ್ಚಿಯಲ್ಲಿ. ಹೊಡೆತವಿಲ್ಲ, ಕೂಗಾಟ ಕಮ್ಮಿ. ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊದ ತನಿಖಾಧಿಕಾರಿ ರಾಬರ್ಟ್ ಮೊಹರ್ ಪ್ರಶ್ನೆ ಕೇಳುತ್ತಾನೆ, ನೀವು ಉತ್ತರಿಸುತ್ತೀರಿ, ಟೈಪ್‌ರೈಟರ್ ಟಕಟಕ ಅನ್ನುತ್ತದೆ. ಈ ವಿಚಾರಣೆಯ ದಾಖಲೆಗಳು ಪೂರ್ವ ಜರ್ಮನಿಯ ಕಪಾಟಿನಲ್ಲಿ ದಶಕಗಟ್ಟಲೆ ಬಿದ್ದಿದ್ದು, 1990ರ ಹೊತ್ತಿಗೆ ಹೊರಬಂದವು. ಚಿತ್ರಕಥೆ ಅವುಗಳ ಮೇಲೇ ನಿಂತಿದೆ. ನಟಿ ಯೂಲಿಯಾ ಯೆಂಚ್ ಮುಖದಲ್ಲಿ ಏನನ್ನೂ ತೋರಿಸದೆ ಎಲ್ಲವನ್ನೂ ತೋರಿಸುತ್ತಾಳೆ. ಬರ್ಲಿನ್ ಚಿತ್ರೋತ್ಸವದಲ್ಲಿ ಅವಳಿಗೂ ನಿರ್ದೇಶಕನಿಗೂ ಬೆಳ್ಳಿ ಕರಡಿ ಬಂದದ್ದು ಸುಮ್ಮನಲ್ಲ.

ಖಾಲಿ ಸೂಟ್‌ಕೇಸು ಯಾಕೆ? ಊರಿಗೆ, ಉಲ್ಮ್‌ಗೆ, ಹೊರಟಿದ್ದೆ. ಅವ್ವ ಒಗೆದಿಟ್ಟ ಬಟ್ಟೆ ತರಲು. ಕಾಗದ ನೂಕಿದ್ದು ಯಾಕೆ? ಅಲ್ಲಿ ಬಿದ್ದಿತ್ತು, ಹುಡುಗಾಟಿಕೆಗೆ ನೂಕಿದೆ. ಸುಳ್ಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತಿದೆ. ಮೊಹರ್ ನಂಬಲು ತಯಾರಾಗಿದ್ದಾನೆ. ನಿಮ್ಮ ಉಸಿರು ಹೊಟ್ಟೆಯ ತಳಕ್ಕೆ ಇಳಿಯುತ್ತದೆ. ಎಷ್ಟೋ ಹೊತ್ತಿನಿಂದ ಅದು ಎದೆಯ ಮೇಲೇ ನಿಂತಿತ್ತು. ಬಿಡುಗಡೆಯ ಚೀಟಿ ಕಾಣುತ್ತಿದೆ.

ಆಗ ಮನೆಯ ಶೋಧದ ಸುದ್ದಿ ಬರುತ್ತದೆ. ಕಂತೆಗಟ್ಟಲೆ ಸ್ಟಾಂಪು ಸಿಕ್ಕಿವೆ. ಅಣ್ಣನ ಜೇಬಿನಲ್ಲಿ ಗೆಳೆಯ ಕ್ರಿಸ್ಟೋಫ್ ಪ್ರೋಬ್ಸ್ಟ್ ಬರೆದುಕೊಟ್ಟ ಮುಂದಿನ ಕರಪತ್ರದ ಕರಡಿತ್ತು. ಹರಿದು ನುಂಗಲು ನೋಡಿದನಂತೆ, ತುಂಡುಗಳನ್ನು ಕೂಡಿಸಿದ್ದಾರೆ. ಪ್ರೋಬ್ಸ್ಟ್‌ಗೆ 23 ವರ್ಷ, ಮೂರು ಮಕ್ಕಳು, ಕೊನೆಯದು ಹುಟ್ಟಿ ಕೆಲವೇ ವಾರ. ಅಣ್ಣ ಒಪ್ಪಿಕೊಂಡಿದ್ದಾನೆ. ಅವನ ಸಹಿ ಮೇಜಿನ ಮೇಲಿದೆ.

ಕೋಣೆಯಲ್ಲಿ ಎಲ್ಲರೂ ಮೂಡಲಗಿಯ ಹುಡುಗಿಯ ಕಡೆ ನೋಡುತ್ತಾರೆ. ಇಷ್ಟು ಹೊತ್ತು ಅವಳು ಮೊಹರ್‌ನ ಬಾಯಲ್ಲಿ 'ನೀ' ಅನ್ನಿಸುತ್ತಿದ್ದಳು, ಸೋಫಿಯ ಬಾಯಲ್ಲಿ 'ಸಾಹೇಬ್ರ' ಅನ್ನಿಸುತ್ತಿದ್ದಳು. ಸಿನಿಮಾದ ಜರ್ಮನ್ ಮಾತಿನಲ್ಲಿ ಇಬ್ಬರ ನಡುವೆ ಅಂಥ ಭೇದವಿಲ್ಲ, ಇಬ್ಬರೂ ಪರಸ್ಪರ ಮರ್ಯಾದೆಯ ರೂಪವನ್ನೇ ಬಳಸುತ್ತಾರೆ. ಪೊಲೀಸು ಮತ್ತು ಹುಡುಗಿ ಎದುರುಬದುರು ಕೂತರೆ ಹೇಗೆ ಮಾತಾಡುತ್ತಾರೆ ಎಂಬುದನ್ನು ಅವಳು ನಮ್ಮ ಕಡೆಯ ಠಾಣೆಯಿಂದ ತಂದಿದ್ದಾಳೆ. ಈಗ ಅವಳು ಒಂದು ಗಳಿಗೆ ತಡೆಯುತ್ತಾಳೆ.

"ಹೌದು, ನಾನಽ ಮಾಡೇನಿ. ಅದರ ಬಗ್ಗೆ ನನಗ ಹೆಮ್ಮೆ ಐತಿ."

'ಸಾಹೇಬ್ರ' ಬಿಟ್ಟುಹೋಗಿದೆ. ಅವಳಿಗದು ಗೊತ್ತೋ ಇಲ್ಲವೋ.

ಸ್ವಲ್ಪ ಹೊತ್ತಿನಲ್ಲೇ ಮೊಹರ್ ಬಾಗಿಲು ತೆರೆಯುತ್ತಾನೆ. ಕೋಣೆಯ ಬಾಗಿಲಲ್ಲ, ಇನ್ನೊಂದು. ಅಣ್ಣ ಹೇಳಿದ, ತಂಗಿ ಕೇಳಿದಳು, ಇದರ ಒಳಗುಟ್ಟು ಅವಳಿಗೆ ತಿಳಿದಿರಲಿಲ್ಲ ಅಂತ ಬರೆಸಿದರೆ ಸಾಕು, ಜೀವ ಉಳಿಯಬಹುದು. ಅವನ ದನಿಯಲ್ಲಿ ನಿಜವಾಗಿಯೂ ಕಾಳಜಿಯಿದೆ. ಅದೇ ಕಷ್ಟ.

ಇಲ್ಲಿ ಯಾರೋ ಸಿನಿಮಾ ನಿಲ್ಲಿಸುತ್ತಾರೆ. ಈ ಸಿನಿಮಾಗಳಿಗೆ ಇಂಟರ್ವಲ್ ಇರುವುದಿಲ್ಲ, ನಮಗೆ ಇಲ್ಲದೆ ಆಗುವುದಿಲ್ಲ. ಕೆಳಗಿನಿಂದ ಚಹಾ ಬಂದಿದೆ, ಜತೆಗೆ ಒಂದು ಪೊಟ್ಟಣ ಕರದಂಟು. ಗೋಡೆಯ ಮೇಲೆ ಸೋಫಿಯ ಮುಖ ಅರ್ಧ ತೆರೆದ ಬಾಯಿಯಲ್ಲಿ ನಿಂತಿದೆ. ನೀವು ಕರದಂಟನ್ನು ಹಲ್ಲಿನಿಂದ ಕಚ್ಚುತ್ತೀರಿ; ಅಂಟು, ಬೆಲ್ಲ, ಕೊಬ್ಬರಿ. ನುಂಗಲು ಆಗುತ್ತಿಲ್ಲ.

"ಬರದು ಕೊಡಬೇಕಾಗಿತ್ತರಿ," ಅನ್ನುತ್ತಾನೆ ಹಿಂದೆ ಕೂತ ಹುಡುಗ. "ಜೀವ ಉಳದ್ರ ಮುಂದ ಏನರ ಮಾಡಬಹುದಾಗಿತ್ತು."

ಯಾರೂ ಅವನನ್ನು ಬೈಯುವುದಿಲ್ಲ. ಅವನು ಹೇಳಿದ್ದು ಎಲ್ಲರ ಮನಸ್ಸಿನಲ್ಲೂ ಇತ್ತು. ಹುಕ್ಕೇರಿಯ ಮಾಸ್ತರರು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಾ ಕೇಳುತ್ತಾರೆ, "ಘಟಪ್ರಭಾದಾಗ ಆರೋಗ್ಯಧಾಮ ನೋಡೀರೇನು?"

"ನಮ್ಮ ಆಯಿನ್ನ ಅಲ್ಲೇ ತೋರಿಸಿದ್ವಿರಿ ಸರ್," ಅನ್ನುತ್ತಾಳೆ ಹುಡುಗಿ.

"ಅಲ್ಲೇ ಇದ್ದರು ನೋಡವಾ, ಡಾಕ್ಟರ್ ನಾ.ಸು. ಹರ್ಡೀಕರ್ ಅಂತ."

ಮಾಸ್ತರರು ಹೇಳುವ ಕಥೆ ಚಿಕ್ಕದು. 1923, ನಾಗಪುರದ ಝಂಡಾ ಸತ್ಯಾಗ್ರಹ. ಹುಬ್ಬಳ್ಳಿ ಸೇವಾ ಮಂಡಲದ ಹುಡುಗರನ್ನು ಕಟ್ಟಿಕೊಂಡು ಹರ್ಡೀಕರ್ ಅಲ್ಲಿಗೆ ಹೋದರು, ಎಲ್ಲರೂ ಜೈಲು ಸೇರಿದರು. ಒಳಗಿನ ಹಿಂಸೆ ತಾಳಲಾರದೆ ಎಷ್ಟೋ ಸತ್ಯಾಗ್ರಹಿಗಳು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ಹುಡುಗರು ಬರೆದುಕೊಡಲಿಲ್ಲ. ಇವರಲ್ಲೇನೋ ಇದೆ ಅಂತ ಕಾಂಗ್ರೆಸ್ಸಿನ ದೊಡ್ಡವರ ಕಣ್ಣಿಗೆ ಬಿದ್ದದ್ದು ಆಗಲೇ. ಅದೇ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಕಾರಣ, ಬರೆಯದೇ ಉಳಿದ ಒಂದು ಕಾಗದ.

"ಆ ಹುಡುಗರಿಗೂ ಹೀಂಗಽ ಹೇಳಿರತಾರ," ಮಾಸ್ತರರು ಬಸಿ ಕೆಳಗಿಡುತ್ತಾರೆ. "'ಒಂದ್ ಸಹಿ, ಮನೀಗೆ ನಡಿ.'"

ಹುಬ್ಬಳ್ಳಿ ಅಂದ ಕೂಡಲೇ ನಿಮಗೆ ಇನ್ನೊಂದು ಹೆಸರು ನೆನಪಾಗುತ್ತದೆ, ನಿಮಗೆ ಬೇಡವಾದರೂ. ಪ್ರೊಜೆಕ್ಟರಿನ ಬೆಳಕು ಹಾಗೇ ಇರಲಿ, ಒಂದು ನಿಮಿಷ ಇತ್ತ ಬನ್ನಿ. 1942, ಆಗಸ್ಟ್ 15, ಹುಬ್ಬಳ್ಳಿ. ಮುಂಬಯಿಯಲ್ಲಿ ಗಾಂಧೀಜಿಯನ್ನು ಹಿಡಿದು ಆರು ದಿನವಾಗಿದೆ. ಇದೇ ದಿನ ಪುಣೆಯ ಆಗಾಖಾನ್ ಅರಮನೆಯಲ್ಲಿ ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ ಕಣ್ಣು ಮುಚ್ಚುತ್ತಾರೆ, ಆ ಸುದ್ದಿ ಇಲ್ಲಿಗಿನ್ನೂ ಬಂದಿಲ್ಲ. ಶ್ರಾವಣದ ಮೋಡ, ಕೆಸರು, ಒದ್ದೆ ಅಂಗಿಗಳ ವಾಸನೆ. ಮೆರವಣಿಗೆ ಬರುತ್ತಿದೆ. ಮುಂದೆ ಇರುವ ಹುಡುಗನಿಗೆ ಮೀಸೆ ಮೊಳೆಯುವ ವಯಸ್ಸೂ ಅಲ್ಲ, 13-14 ಇರಬೇಕು. ಎದುರಿಗೆ ಪೊಲೀಸರು. ಘೋಷಣೆ ಗಂಟಲಲ್ಲಿ ಒಡೆಯುತ್ತದೆ, ಹಿಂದಿನವರು ನೂಕುತ್ತಾರೆ, ಮುಂದಿನವನು ನಿಲ್ಲುವುದಿಲ್ಲ. ಬಂದೂಕು ಏಳುತ್ತದೆ. ಸದ್ದು. ಎಲ್ಲರೂ ಓಡುತ್ತಾರೆ, ಅವನು ಓಡುವುದಿಲ್ಲ, ಬಿದ್ದಿದ್ದಾನೆ. ನಾರಾಯಣ ಮಹಾದೇವ ಡೋಣಿ. ಆಸ್ಪತ್ರೆಯಲ್ಲಿ, ನಿನಗೇನು ಬೇಕು ಮಗು ಅಂತ ಕೇಳಿದ ಅಧಿಕಾರಿಗೆ ಅವನು ಹೇಳಿದ್ದು ಸ್ವರಾಜ್ಯ ಅಂತ ಹುಬ್ಬಳ್ಳಿ ಇವತ್ತಿಗೂ ಹೇಳುತ್ತದೆ. ಅವನಿಗೆ ಯಾರೂ ಮೇಜು, ಕುರ್ಚಿ, ಎರಡನೆಯ ಅವಕಾಶ ಕೊಡಲಿಲ್ಲ. ಅವನ ಮಾತನ್ನು ಟೈಪು ಮಾಡಿಡುವ ಗುಮಾಸ್ತನೂ ಇರಲಿಲ್ಲ. ಅದಕ್ಕೇ ಏನೋ, ನಮ್ಮಲ್ಲಿ ಅವನ ಬಗ್ಗೆ ಇಂಥದೊಂದು ಸಿನಿಮಾ ಬರುವುದು ಕಷ್ಟ.

"ಹಚ್ಚು," ಅನ್ನುತ್ತಾರೆ ಯಾರೋ. ಸಿನಿಮಾ ಮತ್ತೆ ಓಡುತ್ತದೆ.

ಸೋಫಿ ಒಲ್ಲೆ ಅನ್ನುತ್ತಾಳೆ. ದನಿ ಏರಿಸುವುದಿಲ್ಲ. ಮೊಹರ್ ತೆರೆದ ಬಾಗಿಲನ್ನು ಅವಳೇ ಮೆಲ್ಲಗೆ ಮುಚ್ಚುತ್ತಾಳೆ, ಬೇಕಿದ್ದರೆ ಇನ್ನೊಮ್ಮೆಯೂ ಇದನ್ನೇ ಮಾಡುತ್ತೇನೆ ಅನ್ನುತ್ತಾಳೆ. ಹಿಂದೆ ಕೂತ ಹುಡುಗ ಕರದಂಟಿನ ಕಾಗದವನ್ನು ಸಣ್ಣಗೆ, ಇನ್ನೂ ಸಣ್ಣಗೆ ಮಡಚುತ್ತಿದ್ದಾನೆ.

ಆಮೇಲಿನದು ಬೇಗ ನಡೆದುಹೋಗುತ್ತದೆ, ನಿಜದಲ್ಲೂ ಹಾಗೇ ನಡೆಯಿತು. ಹಿಡಿದು ನಾಲ್ಕು ದಿನಕ್ಕೆ, ಫೆಬ್ರವರಿ 22, ಸೋಮವಾರ, ವಿಚಾರಣೆ. ನ್ಯಾಯಾಧೀಶ ರೋಲಾಂಡ್ ಫ್ರೈಸ್ಲರ್ ಬರ್ಲಿನ್‌ನಿಂದ ಇದಕ್ಕೆಂದೇ ಬಂದಿದ್ದಾನೆ. ಅವನು ಕಿರುಚುತ್ತಾನೆ, ಕಿರುಚುತ್ತಲೇ ಇರುತ್ತಾನೆ. ಅಷ್ಟೂ ಮಾತನ್ನು ಕನ್ನಡಕ್ಕೆ ತರುವುದು ಬೇಡವೆಂದು ನಮ್ಮ ಹುಡುಗಿ "ಬೈಯಾಕತ್ತಾನ್ರಿ" ಅಂತ ಮುಗಿಸುತ್ತಾಳೆ. ಅಪ್ಪ-ಅವ್ವ ನ್ಯಾಯಾಲಯದೊಳಗೆ ನುಗ್ಗುತ್ತಾರೆ, ಅಪ್ಪನನ್ನು ಹೊರಗೆ ದಬ್ಬುತ್ತಾರೆ. ಸೋಫಿ, ಹಾನ್ಸ್, ಪ್ರೋಬ್ಸ್ಟ್, ಮೂವರಿಗೂ ಮರಣದಂಡನೆ. ಶಿಕ್ಷೆಗೂ ಸಾವಿಗೂ ನಡುವೆ 99 ದಿನ ಸಿಗುತ್ತದೆ ಅಂದುಕೊಂಡಿದ್ದಳು ಸೋಫಿ. ಸಿಕ್ಕಿದ್ದು ಒಂದು ಮಧ್ಯಾಹ್ನ.

ಸ್ಟಾಡೆಲ್‌ಹೈಮ್ ಜೈಲು. ಅವ್ವ-ಅಪ್ಪ ಬಂದು ಹೋದರು. ಅವರೆದುರು ಅಳು ಬರಲಿಲ್ಲ, ಅವರು ಹೋದ ಮೇಲೆ ಬಂತು. ಕಾವಲಿನವರು ಕಣ್ಣು ತಪ್ಪಿಸಿ ಮೂವರನ್ನೂ ಒಂದೆಡೆ ಬಿಡುತ್ತಾರೆ. ಒಂದೇ ಸಿಗರೇಟು ಮೂರು ತುಟಿಗಳ ನಡುವೆ ತಿರುಗುತ್ತದೆ. ಹೊಗೆ ಎದೆಗೆ ಇಳಿದು ಬಿಸಿಯಾಗುತ್ತದೆ, ಅಣ್ಣನ ಭುಜ ನಿಮ್ಮ ಭುಜಕ್ಕೆ ತಾಗಿದೆ, ಇಷ್ಟು ಸಾಕು ಅನ್ನಿಸುವಷ್ಟು ಹೊತ್ತೂ ಸಿಗುವುದಿಲ್ಲ. ಸಂಜೆ ಐದು. ಮೊದಲು ನಿಮ್ಮನ್ನೇ ಕರೆಯುತ್ತಾರೆ. ಅಂಗಳ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಬಾಗಿಲು. ಹಲಗೆ. ಕುತ್ತಿಗೆಗೆ ತಣ್ಣನೆಯ ಮರ.

ಚಾದರ ಕಪ್ಪಾಗುತ್ತದೆ. ಕತ್ತಲಲ್ಲಿ ಸದ್ದು ಮಾತ್ರ. ಒಂದು. ಆಮೇಲೆ ಕ್ರಿಸ್ಟೋಫ್. ಆಮೇಲೆ ಹಾನ್ಸ್, ಸ್ವಾತಂತ್ರ್ಯಕ್ಕೆ ಜಯವಾಗಲಿ ಅಂತ ಕೂಗಿ. ಇದು ಸಿನಿಮಾದ ಕ್ರಮ; ಇತಿಹಾಸದಲ್ಲಿ ಹಾನ್ಸ್ ಎರಡನೆಯವನು, ಪ್ರೋಬ್ಸ್ಟ್ ಕೊನೆಯವನು. ಹುಡುಗಿ ಏನನ್ನೂ ಹೇಳುವುದಿಲ್ಲ, ಹೇಳಲು ಸಾಲುಗಳೂ ಇಲ್ಲ.

ದೀಪ ಹಾಕಿದಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಚಾದರ ಬಿಚ್ಚುವುದು, ವೈರು ಸುತ್ತುವುದು, ಕಪ್ಪು-ಬಸಿ ಒಟ್ಟು ಮಾಡುವುದು. ಮಾಸ್ತರರಿಗೆ ಹುಕ್ಕೇರಿಯ ಬಸ್ಸು ಹಿಡಿಯಬೇಕು. ಮೆಟ್ಟಿಲಿಳಿಯುತ್ತಾ ಅವರು ಲೆಕ್ಕ ಹಾಕುತ್ತಿದ್ದಾರೆ: ಸೋಫಿ ಕರಪತ್ರ ನೂಕಿದ ದಿನ ಗಾಂಧೀಜಿಯ 21 ದಿನದ ಉಪವಾಸದ ಒಂಬತ್ತನೆಯ ದಿನ, ಪುಣೆಯಲ್ಲಿ. ಅವಳನ್ನು ಕೊಂದು 38 ದಿನಕ್ಕೆ, ಏಪ್ರಿಲ್ 1ಕ್ಕೆ, ಹೊಸರಿತ್ತಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರಿಗೆ ಗುಂಡು. ಅವಳಿಗೆ ಮೈಲಾರರ ಹೆಸರು, ಅವರಿಗೆ ಅವಳ ಹೆಸರು ಗೊತ್ತಿರಲಿಕ್ಕಿಲ್ಲ. ಆ ಆರನೆಯ ಕರಪತ್ರ ಮಾತ್ರ ಕೈಯಿಂದ ಕೈಗೆ ದಾಟಿ ಬ್ರಿಟನ್ ತಲುಪಿತು. ಅದೇ ವರ್ಷ ಅದನ್ನು ಮತ್ತೆ ಅಚ್ಚು ಹಾಕಿಸಿ ಬ್ರಿಟಿಷ್ ವಿಮಾನಗಳಿಂದ ಜರ್ಮನಿಯ ಮೇಲೆ ಸುರಿದರು. ನಮ್ಮ ಹುಡುಗರ ಮೇಲೆ ಗುಂಡು ಹಾರಿಸಿದ ಸರ್ಕಾರವೂ ಅದೇ ಬ್ರಿಟನ್ನಿನದು. ಇದನ್ನು ಹೇಗೆ ನುಂಗುವುದೋ ನನಗಂತೂ ತಿಳಿದಿಲ್ಲ.

ಸಿನಿಮಾ ಎರಡು ಗಂಟೆಯದು. ಒಬ್ಬರೇ ನೋಡಬೇಡಿ, ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಜತೆಗೆ ಕೂರಿಸಿಕೊಳ್ಳಿ, ಸಾಲುಗಳನ್ನು ನಿಮ್ಮೂರಿನ ಕನ್ನಡದಲ್ಲಿ ಅವರಿಂದಲೇ ಹೇಳಿಸಿ. ಮೊಹರ್ ಆ ಇನ್ನೊಂದು ಬಾಗಿಲು ತೆರೆದ ಕೂಡಲೇ ನಿಲ್ಲಿಸಿ, ಚಹಾ ಕುಡಿಯಿರಿ. ಸೋಫಿಯ ಉತ್ತರ ಕೇಳುವ ಮೊದಲು.